ನೋಂದಾಯಿತ ನಂಬರಿನಿಂದ ಮಾತ್ರ

ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವರಿಗೆಲ್ಲ ಒಂದು ಪ್ರಾಜೆಕ್ಟು ಬಾಯಿಪಾಠವೇ ಆಗಿಹೋಗಿರುತ್ತದೆ. ಅದರ ಹೆಸರು ‘ಸ್ಮಾರ್ಟ್ ನೋಟಿಸ್ ಬೋರ್ಡ್’. ಒಂದು ಆರ್ಡುಯಿನೋ, ಸಿಮ್ ಹಾಕಿದ ಒಂದು ಜಿಎಸ್‌ಎಂ ಮಾಡ್ಯೂಲು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡು ತಂದ ಕೆಂಪು ಎಲ್‌ಇಡಿಯ ಪಿ-10 ಪ್ಯಾನೆಲ್ಲು. ಮೊಬೈಲಿನಿಂದ ಎಸ್ಸೆಮ್ಮೆಸ್ ಕಳಿಸಿದರೆ ಗೋಡೆ ಮೇಲಿನ ಪ್ಯಾನೆಲ್ಲಿನಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತವೆ. ವೈವಾ ದಿನ ನೆಟ್‌ವರ್ಕ್ ಸಿಕ್ಕರೆ ನಾಲ್ಕೂ ಜನ ಪಾಸು.

ಈ ಪ್ರಾಜೆಕ್ಟಿನ ರಿಪೋರ್ಟುಗಳಲ್ಲಿ ನಾನು ಮೊದಲು ಹುಡುಕೋದು ಒಂದೇ ವಾಕ್ಯವನ್ನು. ಅದು ಇದ್ದೇ ಇರುತ್ತದೆ, ಹೆಮ್ಮೆಯಿಂದ ಇರುತ್ತದೆ. ನೋಂದಾಯಿತ ನಂಬರಿನಿಂದ ಬಂದ ಸಂದೇಶ ಮಾತ್ರ ಬೋರ್ಡಿನ ಮೇಲೆ ಬರುತ್ತದೆ, ಬೇರೆ ಯಾರು ಕಳಿಸಿದರೂ ಅದು ತಾನೇ ಅಳಿಸಿಹೋಗುತ್ತದೆ ಅಂತ. ಆ ನಂಬರು ಯಾರದು ಅಂತ ಕೇಳಿದರೆ ಹುಡುಗರು ಕಣ್ಣು ಮಿಟುಕಿಸದೆ ಹೇಳ್ತಾರೆ: “ಹೆಚ್‌ಓಡಿ ಸರ್‌ದು ಮೇಡಂ.”

ಈಚೆಗೆ ಹೆಸರು ಬದಲಾಗಿದೆ. ‘ಸಾರ್ವಜನಿಕ ಸ್ಥಳಕ್ಕೆ ಇಂಟರ‍್ಯಾಕ್ಟಿವ್ ವಾಲ್ ಡಿಸ್‌ಪ್ಲೇ’ ಅಂತ ಸಿನಾಪ್ಸಿಸ್ ಹಿಡಿದುಕೊಂಡು ಬರುತ್ತಾರೆ. ಟಚ್ ಸ್ಕ್ರೀನು, ಕ್ಯಾಮೆರಾ, ಕೈ ಬೀಸಿದರೆ ಪುಟ ತಿರುಗೋದು. “ಮುಟ್ಟಿದರೆ ಏನಾಗುತ್ತಪ್ಪ?” ಅಂದರೆ “ಮೆನು ಬರುತ್ತೆ ಮೇಡಂ” ಅನ್ನುತ್ತಾರೆ. ಮೆನುವಿನಲ್ಲಿ ಏನಿದೆ? ಕಾಲೇಜಿನ ಇತಿಹಾಸ, ವಿಭಾಗಗಳ ವಿವರ, ಪ್ಲೇಸ್‌ಮೆಂಟ್ ಸಾಧನೆ. ಅಂದರೆ ಅದೇ ಹೆಚ್‌ಓಡಿ ನಂಬರು, ಬಟ್ಟೆ ಬದಲಾಯಿಸಿಕೊಂಡು ಬಂದಿದೆ. ಹೊಸ ಐಡಿಯಾ ಕೊಡಿ ಅಂತ ಕೇಳುವವರಿಗೆ ನಾನು ಹಳೇ ಕತೆಗಳನ್ನು ಹೇಳುತ್ತೇನೆ. ಗೋಡೆ ಮಾತಾಡುವುದು ಹೊಸದಲ್ಲ. ಜನ ಅದಕ್ಕೆ ಉತ್ತರ ಕೊಟ್ಟ, ಆ ಉತ್ತರ ಅಲ್ಲೇ ಉಳಿದುಕೊಂಡ ಪ್ರಸಂಗಗಳು ಮಾತ್ರ ಕಡಿಮೆ. ಅವುಗಳಲ್ಲಿ ನನಗೆ ಅತಿ ಇಷ್ಟವಾದದ್ದು ಒಂದು ಕ್ಯಾಸೆಟ್ ಅಂಗಡಿಯ, ಅಲ್ಲ, ರೆಕಾರ್ಡ್ ಅಂಗಡಿಯ ಮೆಟ್ಟಿಲ ಮೇಲೆ ನಡೆದದ್ದು.

1973ರ ಆಗಸ್ಟ್. ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರು. ಅಲ್ಲಿ ಲಿಯೋಪೋಲ್ಡ್ಸ್ ಅಂತ ಒಂದು ರೆಕಾರ್ಡ್ ಅಂಗಡಿ, ವಿದ್ಯಾರ್ಥಿಗಳೇ ಕಟ್ಟಿಕೊಂಡದ್ದು. ಮೆಟ್ಟಿಲು ಹತ್ತಿ ಹೋದರೆ ಗೋಡೆ ತುಂಬಾ ಚೀಟಿ ಚುಚ್ಚಿದ ನೋಟಿಸ್ ಬೋರ್ಡು. ಹೆಚ್ಚಿನವು ಸಂಗೀತಗಾರರ ಚೀಟಿ: ಡ್ರಮ್ಮರ್ ಬೇಕು, ಗಿಟಾರು ಮಾರಾಟಕ್ಕಿದೆ, ಅಭ್ಯಾಸಕ್ಕೆ ಜಾಗ ಬೇಕು. ಆ ಬೋರ್ಡಿನ ಪಕ್ಕದಲ್ಲಿ ಮೂರ್ನಾಲ್ಕು ಗೆಳೆಯರು ಒಂದು ಟೆಲಿಟೈಪ್ ಯಂತ್ರ ತಂದಿಟ್ಟರು. ಲೀ ಫೆಲ್ಸೆನ್‌ಸ್ಟೈನ್, ಎಫ್ರೆಮ್ ಲಿಪ್ಕಿನ್, ಮಾರ್ಕ್ ಸ್ಪಾಕೋವ್‌ಸ್ಕಿ ಮುಂತಾದವರು. ಯೋಜನೆಗೆ ಅವರಿಟ್ಟ ಹೆಸರು ‘ಕಮ್ಯುನಿಟಿ ಮೆಮೊರಿ’. ಊರಿನ ನೆನಪು ಅಂತ ಅನ್ನಬಹುದೇನೋ.

ಟೆಲಿಟೈಪ್ ಅಂದರೆ ಈಗಿನ ಹುಡುಗರಿಗೆ ವಿವರಿಸಬೇಕು. ಪರದೆ ಇಲ್ಲ. ದೊಡ್ಡ ಟೈಪ್‌ರೈಟರು, ಅದಕ್ಕೊಂದು ಕಾಗದದ ಸುರುಳಿ. ನೀವು ಒತ್ತಿದ್ದನ್ನೂ ಕಂಪ್ಯೂಟರ್ ಹೇಳಿದ್ದನ್ನೂ ಅದೇ ಕಾಗದದ ಮೇಲೆ ಕುಟ್ಟುತ್ತದೆ. ಸೆಕೆಂಡಿಗೆ 10 ಅಕ್ಷರ. 72 ಅಕ್ಷರದ ಒಂದು ಸಾಲು ಮುಗಿಯಲು ಏಳು ಸೆಕೆಂಡಿನ ಮೇಲೆ. ಎಲ್ಲವೂ ದೊಡ್ಡಕ್ಷರ, ಚಿಕ್ಕಕ್ಷರವೇ ಇಲ್ಲ. ಸದ್ದೋ, ರಾಗಿ ಮಿಲ್ಲಿನ ಪಕ್ಕ ನಿಂತ ಹಾಗೆ. ಅದಕ್ಕೇ ಅವರು ಯಂತ್ರದ ಸುತ್ತ ಒಂದು ರಟ್ಟಿನ ಪೆಟ್ಟಿಗೆ ಮಾಡಿ, ಒಳಗೆ ಫೋಮ್ ಅಂಟಿಸಿ, ನೋಡಲು ಪಾರದರ್ಶಕ ಪ್ಲಾಸ್ಟಿಕ್ಕು, ಕೈ ತೂರಿಸಲು ಎರಡು ತೂತು ಬಿಟ್ಟಿದ್ದರು. ಫೋನ್ ಲೈನಿನ ಆ ತುದಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಗೋದಾಮಿನಲ್ಲಿ, ಕಂಪನಿಯೊಂದು ಬಿಟ್ಟುಕೊಟ್ಟಿದ್ದ ಎಕ್ಸ್‌ಡಿಎಸ್-940 ಎಂಬ ಭಾರಿ ಕಂಪ್ಯೂಟರು. ಅನೇಕ ಜನ ಒಟ್ಟಿಗೆ ಬಳಸಬಹುದಾದ ಆ ಯಂತ್ರದ ವಿನ್ಯಾಸ ಹುಟ್ಟಿದ್ದು ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲೇ. ಊರಿನ ಕೂಸು ಸುತ್ತಾಡಿ ಊರಿಗೇ ಬಂದಂತಾಯ್ತು.

ಆಜ್ಞೆಗಳು ಮುಖ್ಯವಾಗಿ ಎರಡು: ಸೇರಿಸು, ಹುಡುಕು. ಏನಾದರೂ ಬರೆದು ಸೇರಿಸಬಹುದು, ಯಾವ ಪದಗಳ ಕೆಳಗೆ ಅದು ಸಿಗಬೇಕು ಅಂತ ನೀವೇ ಹೇಳಬಹುದು. ಹೆಸರು ಕೊಡಬೇಕಿಲ್ಲ. ಬರೆದದ್ದನ್ನು ಮೊದಲು ಓದಿ ಒಪ್ಪಿಗೆ ಕೊಡುವ ಸಂಪಾದಕ ಇಲ್ಲ. ನೋಂದಾಯಿತ ನಂಬರಂತೂ ಇಲ್ಲವೇ ಇಲ್ಲ. ಯಂತ್ರದ ಪಕ್ಕ ಅವರ ಪೈಕಿ ಯಾರಾದರೊಬ್ಬರು ನಿಂತಿರುತ್ತಿದ್ದರು. ತಡೆಯೋದಕ್ಕಲ್ಲ, ಹೇಗೆ ಒತ್ತಬೇಕು ಅಂತ ಹೇಳಿಕೊಡೋದಕ್ಕೆ.

ಇದನ್ನು ಅವರು ಯಾಕೆ ಮಾಡಿದರು ಅನ್ನೋದಕ್ಕೆ ಒಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. 1964ರಲ್ಲಿ ಇದೇ ಬರ್ಕ್ಲಿಯಲ್ಲಿ ದೊಡ್ಡ ವಿದ್ಯಾರ್ಥಿ ಚಳವಳಿ ನಡೆದಿತ್ತು. ಕ್ಯಾಂಪಸ್ಸಿನಲ್ಲಿ ಮೇಜು ಹಾಕಿಕೊಂಡು ರಾಜಕೀಯದ ಕರಪತ್ರ ಹಂಚಬಾರದು ಅಂತ ಆಡಳಿತ ಹೇಳಿದ್ದಕ್ಕೆ ಶುರುವಾದದ್ದು. ವಾಕ್ ಸ್ವಾತಂತ್ರ್ಯ ಚಳವಳಿ ಅಂತಲೇ ಅದರ ಹೆಸರು. ಆಗ ಹುಡುಗರು ಕಂಪ್ಯೂಟರಿನ ಪಂಚ್ ಕಾರ್ಡುಗಳನ್ನು ಕೊರಳಿಗೆ ತೂಗುಹಾಕಿಕೊಂಡು ಮೆರವಣಿಗೆ ಹೋಗಿದ್ದರು. ನಾವೂ ನಿಮಗೆ ತೂತು ಹೊಡೆದ ಕಾರ್ಡುಗಳೇ ತಾನೇ ಅಂತ. ಕಂಪ್ಯೂಟರ್ ಅಂದರೆ ಆಡಳಿತದ ಯಂತ್ರ, ಯುದ್ಧದ ಯಂತ್ರ, ಶತ್ರುವಿನ ಯಂತ್ರ. ಫೆಲ್ಸೆನ್‌ಸ್ಟೈನ್ ಆ ಚಳವಳಿಯಲ್ಲಿದ್ದವರು. ಅಂಥ ಊರಿನಲ್ಲಿ ರೆಕಾರ್ಡ್ ಅಂಗಡಿಯ ಮೆಟ್ಟಿಲ ಮೇಲೆ ಕಂಪ್ಯೂಟರಿಗೆ ಕಟ್ಟಿದ ಯಂತ್ರ ಇಟ್ಟರೆ ಜನ ಉಗಿಯುತ್ತಾರೆ ಅಂತಲೇ ಅವರು ಅಂದುಕೊಂಡಿದ್ದರಂತೆ. ಉಗಿಯಲಿಲ್ಲ. ಕಂಪ್ಯೂಟರಿದು, ಬಳಸಿ ನೋಡ್ತೀರಾ ಅಂದರೆ ಮುಖ ಅರಳಿಸಿಕೊಂಡು ಬಂದು ಕೈ ತೂರಿಸಿದರು.

ಇಟ್ಟವರ ಅಂದಾಜಿನಲ್ಲಿ ಇದ್ದದ್ದು ಬಾಡಿಗೆ ಮನೆ, ಕೆಲಸ, ಹಳೇ ಕಾರು. ಬಂದದ್ದೇ ಬೇರೆ. ಸಂಗೀತಗಾರರು ಮೊದಲ ದಿನಗಳಿಂದಲೇ ಅದನ್ನು ಹಿಡಿದುಕೊಂಡರು, ಯಾಕೆಂದರೆ ಅವರು ಹೇಗೂ ಆ ಗೋಡೆಗೆ ಬರುವವರೇ. ಆಮೇಲೆ ಚೆಸ್ ಆಡಲು ಜೊತೆ ಬೇಕು ಅಂತ ಬಂತು. ಕವಿಯೊಬ್ಬ ತನ್ನ ಪದ್ಯಗಳನ್ನು ಕುಟ್ಟಿದ. ಅಕ್ಷರಗಳನ್ನೇ ಜೋಡಿಸಿ ಒಬ್ಬರು ಹಾಯಿದೋಣಿಯ ಚಿತ್ರ ಮಾಡಿಟ್ಟರು. ಬೇಗಲ್ ಅನ್ನುವ ಉಂಗುರದಾಕಾರದ ಬ್ರೆಡ್ಡು ಈ ಸೀಮೆಯಲ್ಲಿ ಚೆನ್ನಾಗಿ ಎಲ್ಲಿ ಸಿಗುತ್ತೆ ಅಂತ ಯಾರೋ ಕೇಳಿದ್ದರು. ಅಂಗಡಿಗಳ ವಿಳಾಸದ ಜೊತೆಗೆ ಇನ್ನೊಂದು ಉತ್ತರವೂ ಬಂತು: ನಾನು ಮೊದಲು ಬೇಗಲ್ ಮಾಡುತ್ತಿದ್ದವನು, ಬೇಕಾದರೆ ಮಾಡೋದನ್ನೇ ಕಲಿಸುತ್ತೇನೆ, ಈ ನಂಬರಿಗೆ ಫೋನ್ ಮಾಡಿ. ಒಂದು ಕಾದಂಬರಿಯ ಪಾತ್ರದಿಂದ ‘ಬೆನ್‌ವೇ’ ಎಂಬ ಹೆಸರು ಎರವಲು ಪಡೆದು ಯಾರೋ ಅಪರಿಚಿತ ಚಿತ್ರವಿಚಿತ್ರ ಟಿಪ್ಪಣಿಗಳನ್ನು ಬಿಟ್ಟುಹೋಗತೊಡಗಿದ. ಆ ಮುಖವಾಡ ಇಷ್ಟವಾಗಿ ಬೇರೆಯವರೂ ಅದೇ ಹೆಸರಿನಲ್ಲಿ ಬರೆದರು.

ಬೇಗಲ್ ಕತೆ ನನ್ನ ತಲೆಯಿಂದ ಹೋಗೋದೇ ಇಲ್ಲ. ಪ್ರಶ್ನೆ ಇದ್ದದ್ದು ಅಂಗಡಿಯ ವಿಳಾಸಕ್ಕೆ. ನಮ್ಮ ಹುಡುಗರು ಮಾಡುವ ಯಾವ ಮೆನುವಿನಲ್ಲೂ ‘ನಾನೇ ಕಲಿಸ್ತೀನಿ ಬಾ’ ಅನ್ನುವ ಬಟನ್ ಇರಲು ಸಾಧ್ಯವಿಲ್ಲ, ಯಾಕೆಂದರೆ ಮೆನು ಬರೆದವನಿಗೆ ಆ ಮನುಷ್ಯ ಗೊತ್ತಿಲ್ಲ. ಅವನಿಗೆ ಬರೆಯಲು ಖಾಲಿ ಜಾಗ ಇತ್ತು, ಬರೆದ.

ಆ ಯಂತ್ರ ಕೆಲವು ತಿಂಗಳ ಮೇಲೆ ಬೇರೊಂದು ಅಂಗಡಿಗೆ ಹೋಯಿತು. ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಇಟ್ಟರು. 1975ರ ಜನವರಿಯಲ್ಲಿ ನಿಲ್ಲಿಸಿದರು. ಹಳೇ ದೈತ್ಯ ಕಂಪ್ಯೂಟರನ್ನು ಸಾಕುವುದು ಅವರ ಕೈಲಾಗುವ ಮಾತಾಗಿರಲಿಲ್ಲ. 1980ರ ದಶಕದಲ್ಲಿ ಪರದೆ ಇರುವ ಟರ್ಮಿನಲ್ಲುಗಳೊಂದಿಗೆ ಮತ್ತೆ ಶುರು ಮಾಡಿದರು. ಆಗ ನಾಣ್ಯ ಹಾಕುವ ಏರ್ಪಾಡು ಬಂತು. ಓದಲು ಪುಕ್ಕಟೆ, ಬರೆಯಲು 25 ಸೆಂಟು, ಹೊಸ ಚರ್ಚೆ ತೆರೆಯಬೇಕಾದರೆ ಒಂದು ಡಾಲರು. ಸಾರ್ವಜನಿಕ ಗೋಡೆಗೆ ಕಾವಲುಗಾರನ ಬದಲು ಒಂದು ನಾಣ್ಯದ ತೂತು. ಯೋಚಿಸಬೇಕಾದ ಉಪಾಯ. 1992ರ ಹೊತ್ತಿಗೆ ಅದೂ ಮುಗಿಯಿತು.

ಫೆಲ್ಸೆನ್‌ಸ್ಟೈನ್ ಆಮೇಲೆ ಹೆಸರಾದದ್ದು ಬೇರೆ ಕಾರಣಕ್ಕೆ. ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆಗಳನ್ನು ನಡೆಸಿಕೊಡುತ್ತಿದ್ದವರು ಅವರೇ. 1981ರಲ್ಲಿ ಬಂದ, ಸೂಟ್‌ಕೇಸಿನಂತೆ ಹೊತ್ತೊಯ್ಯಬಹುದಾದ ಆಸ್ಬೋರ್ನ್-1 ಕಂಪ್ಯೂಟರನ್ನು ವಿನ್ಯಾಸ ಮಾಡಿದ್ದೂ ಅವರೇ. ಆ ದಾರಿಗೆ ಅವರು ಬಂದದ್ದು, ಸಾರ್ವಜನಿಕ ಜಾಗದಲ್ಲಿಟ್ಟ ಟರ್ಮಿನಲ್ ಕೆಟ್ಟರೆ ಅದನ್ನು ಬಳಸುವವರೇ ರಿಪೇರಿ ಮಾಡಿಕೊಳ್ಳುವಂತಿರಬೇಕು ಅನ್ನುವ ಚಿಂತೆಯಿಂದ. ಈ ಚಿಂತೆ ನಮ್ಮ ಸಿನಾಪ್ಸಿಸ್‌ಗಳಲ್ಲಿ ಯಾಕೆ ಬರೋಲ್ಲ ಅಂತ ನನಗೆ ಆಶ್ಚರ್ಯ. ಟಚ್ ಸ್ಕ್ರೀನು ಕೆಟ್ಟು ಕಪ್ಪಾಗಿ ನಿಂತ ಎಷ್ಟು ಕಿಯಾಸ್ಕುಗಳನ್ನು ನಾವು ಸರ್ಕಾರಿ ಕಚೇರಿಗಳಲ್ಲಿ ನೋಡಿಲ್ಲ? ಅದರ ಮೇಲೆ ಹೂವಿನ ಕುಂಡ ಇಟ್ಟಿರುತ್ತಾರೆ.

ಎರಡನೇ ಕತೆ ಬರ್ಲಿನ್ನಿನದು. ಹುಡುಗರಿಗೆ ಇದೇ ಹೆಚ್ಚು ಇಷ್ಟ, ದೀಪಗಳಿವೆಯಲ್ಲ. ಅಲೆಕ್ಸಾಂಡರ್ ಚೌಕದಲ್ಲಿ ‘ಶಿಕ್ಷಕರ ಭವನ’ ಅಂತ ಪೂರ್ವ ಜರ್ಮನಿಯ ಕಾಲದಲ್ಲಿ, 1960ರ ದಶಕದ ಆರಂಭದಲ್ಲಿ, ಕಟ್ಟಿದ ಒಂದು ಎತ್ತರದ ಕಟ್ಟಡ. ಅದರ ನಡುವಿಗೆ ಡಾಬು ಕಟ್ಟಿದ ಹಾಗೆ ಸುತ್ತಲೂ ಒಂದು ಮೊಸಾಯಿಕ್ ಚಿತ್ರ, ಏಳು ಮೀಟರು ಎತ್ತರ, ಸುಮಾರು 125 ಮೀಟರು ಉದ್ದ, ವಾಲ್ಟರ್ ವೊಮಾಕ ಎಂಬ ಕಲಾವಿದರದು. ವಿಷಯ: ಸಮಾಜವಾದಿ ದೇಶದ ಸುಖೀ ಜೀವನ. ಸರ್ಕಾರ ಗೋಡೆ ಮೇಲೆ ಹೇಳಿದ ಮಾತು, ಜನ ಕತ್ತೆತ್ತಿ ನೋಡಿದರು.

2001ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು ತಮ್ಮ ಸಂಘಕ್ಕೆ 20 ವರ್ಷ ತುಂಬಿದ ಖುಷಿಗೆ ಆ ಕಟ್ಟಡದ ಮೇಲಿನ ಎಂಟು ಮಹಡಿಗಳ ಕಿಟಕಿಗಳಿಗೆ ಬಿಳಿ ಬಳಿದು, ಪ್ರತಿ ಕಿಟಕಿಯ ಹಿಂದೆ ಒಂದೊಂದು ದೀಪ ಇಟ್ಟರು. ಅಡ್ಡಕ್ಕೆ 18, ಉದ್ದಕ್ಕೆ 8, ಒಟ್ಟು 144 ಚುಕ್ಕಿ. ಕೆಳಗೆ ಚೌಕದಲ್ಲಿ ನಿಂತವರು ಮೊಬೈಲಿನಿಂದ ಒಂದು ನಂಬರಿಗೆ ಕರೆ ಮಾಡಿ, ಕೀ ಒತ್ತಿ, ಕಟ್ಟಡದ ಮೇಲೆ ಪಾಂಗ್ ಆಟ ಆಡಬಹುದಾಗಿತ್ತು. ಮನೆಯಲ್ಲಿ ಕೂತು ತಮ್ಮದೇ ಚಲಿಸುವ ಚಿತ್ರಗಳನ್ನು ಮಾಡಿ ಕಳಿಸಲು ಒಂದು ಸಾಫ್ಟ್‌ವೇರನ್ನೂ ಬಿಟ್ಟಿದ್ದರು. ಅದರಲ್ಲಿ ಪ್ರೇಮಪತ್ರಗಳನ್ನು ಮಾಡಿ ಕಳಿಸಿದವರಿದ್ದರು. ಫೆಬ್ರವರಿ ತನಕ ಇದು ನಡೆಯಿತು. ಕೆಳಗೆ ಹಳೇ ಸರ್ಕಾರದ ಮೊಸಾಯಿಕ್ಕು, ಅದರ ತಲೆಯ ಮೇಲೆ ಯಾವುದೋ ಹುಡುಗ ಯಾವುದೋ ಹುಡುಗಿಗೆ ಬರೆದ ನಾಲ್ಕು ಅಕ್ಷರ. ಒಂದೇ ಗೋಡೆ.

ಲೆಕ್ಕ ಹಾಕಿ ನೋಡಿ. ಎಸ್.ಪಿ. ರಸ್ತೆಯ ಒಂದು ಪಿ-10 ಪ್ಯಾನೆಲ್ಲಿನಲ್ಲಿ 32 ಗುಣಿಸು 16, ಅಂದರೆ 512 ಚುಕ್ಕಿ. ಬರ್ಲಿನ್ನಿನ ಆ ಇಡೀ ಕಟ್ಟಡದ ಮೂರೂವರೆ ಪಟ್ಟು ನಿಮ್ಮ ಬ್ಯಾಗಿನಲ್ಲಿದೆ. ಯಂತ್ರ ಸಾಲದು ಅನ್ನುವ ನೆಪ ನಮಗಿಲ್ಲ.

ಇನ್ನು ನಮ್ಮ ದೇಶದ್ದು. 1999ರ ಜನವರಿ 26ರಂದು ದೆಹಲಿಯ ಕಾಲ್ಕಾಜಿಯಲ್ಲಿ ಎನ್‌ಐಐಟಿ ಸಂಸ್ಥೆಯ ಕಾಂಪೌಂಡ್ ಗೋಡೆಗೆ ತೂತು ಕೊರೆದು, ಆಚೆ ಬದಿಯ ಕೊಳೆಗೇರಿಗೆ ಮುಖಮಾಡಿ ಸುಗತ ಮಿತ್ರ ಒಂದು ಕಂಪ್ಯೂಟರ್ ಕೂರಿಸಿದರು. ಮಕ್ಕಳು ತಾವೇ ಕಲಿತರು. ಅದು ಜಗತ್ಪ್ರಸಿದ್ಧವಾಗಿ, ‘ಸ್ಲಂಡಾಗ್ ಮಿಲಿಯನೇರ್’ ಸಿನಿಮಾದ ಮೂಲ ಕಾದಂಬರಿಗೂ ಪ್ರೇರಣೆಯಾಯಿತು. ಅದನ್ನೆಲ್ಲ ನೀವು ಕೇಳಿರುತ್ತೀರಿ. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಭಾಷೆಯ ಸಂಗತಿ. ಇಂಗ್ಲಿಷ್ ಬಾರದ ಆ ಮಕ್ಕಳು ಪರದೆಯ ಬಾಣದ ಗುರುತಿಗೆ ‘ಸುಯಿ’, ಅಂದರೆ ಸೂಜಿ, ಅಂತ ಹೆಸರಿಟ್ಟರು. ಕಾಯಿರಿ ಅನ್ನುವ ಮರಳು ಗಡಿಯಾರದ ಚಿತ್ರಕ್ಕೆ ‘ಡಮರು’ ಅಂದರು. ಶಿವನ ಕೈಲಿರುತ್ತಲ್ಲ, ಅದೇ.

ಆದರೆ ಮರುವರ್ಷ ದೆಹಲಿ ಸರ್ಕಾರ ಅದೇ ಮಾದರಿಯಲ್ಲಿ ಕೊಳೆಗೇರಿಯಲ್ಲಿಟ್ಟ ಗೂಡುಗಳನ್ನು ಹೋಗಿ ನೋಡಿಬಂದ ಮಾರ್ಕ್ ವಾರ್ಷೌರ್ ಎಂಬ ಸಂಶೋಧಕರು ಬರೆದದ್ದು ಅಷ್ಟು ಸಿಹಿಯಾಗಿಲ್ಲ. ಇಂಟರ್ನೆಟ್ಟು ಕೆಲಸ ಮಾಡುತ್ತಿದ್ದದ್ದೇ ಅಪರೂಪ, ಹಿಂದಿಯಲ್ಲಿ ಏನೂ ಇರಲಿಲ್ಲ, ಮಕ್ಕಳು ಹೆಚ್ಚು ಹೊತ್ತು ಆಟ ಆಡುತ್ತಿದ್ದರು ಇಲ್ಲವೇ ಪೇಂಟಿನಲ್ಲಿ ಚಿತ್ರ ಗೀಚುತ್ತಿದ್ದರು ಅಂತ. ಇದನ್ನು ಅವರು ಕೊರತೆ ಅಂತ ಬರೆದರು. ಸರಿಯೇ. ನನಗೆ ಮಾತ್ರ ಆ ಪೇಂಟ್ ವಿಷಯ ಓದಿದಾಗ ಅನ್ನಿಸಿದ್ದು ಬೇರೆ. ಆ ಇಡೀ ಯಂತ್ರದಲ್ಲಿ ಇಂಗ್ಲಿಷ್ ಬೇಡದೆ ತಮ್ಮದೇನನ್ನಾದರೂ ಇಡಬಹುದಾದ ಜಾಗ ಅದೊಂದೇ ಇತ್ತು. ಮಕ್ಕಳು ಅಲ್ಲಿಗೇ ಹೋದರು. ಮಿಕ್ಕಿದ್ದೆಲ್ಲ ಬೇರೆಯವರು ಬರೆದಿಟ್ಟದ್ದು.

ಈಗ ಹೆಚ್‌ಓಡಿಗಳ ಪ್ರಶ್ನೆಗೆ ಬರೋಣ. ಅವರನ್ನು ನಾನು ಲೇವಡಿ ಮಾಡುತ್ತಿಲ್ಲ. “ಯಾರಾದ್ರೂ ಏನಾದ್ರೂ ಬರೆದ್ರೆ ಏನ್ ಮಾಡ್ತೀರಿ? ಹುಡುಗೀರ ಹೆಸರು ಬರೀತಾರೆ, ಜಾತಿ ಬರೀತಾರೆ. ಉತ್ತರ ಕೊಡೋರು ಯಾರು?” ಅಂತ ಅವರು ಕೇಳೋದು ನ್ಯಾಯವೇ. ಕಾಲೇಜಿನ ಶೌಚಾಲಯದ ಬಾಗಿಲು ನೋಡಿದವರು ಯಾರೂ ಇದನ್ನು ತಳ್ಳಿಹಾಕಲಾರರು. ಆದರೆ ಇದೇ ಭಯಕ್ಕೆ ಇನ್ನೊಂದು ಸಣ್ಣ ಇತಿಹಾಸ ಇದೆ. ನಾವು ಓದುವಾಗ ಕಾರಿಡಾರಿನಲ್ಲಿ ಗೋಡೆ ಪತ್ರಿಕೆ ಇತ್ತು. ಡ್ರಾಯಿಂಗ್ ಶೀಟಿನ ಮೇಲೆ ಕೈಬರಹದಲ್ಲಿ ಕವನ, ವ್ಯಂಗ್ಯಚಿತ್ರ, ಮೆಸ್ಸಿನ ಸಾಂಬಾರಿನ ಮೇಲೆ ಒಂದು ಲೇಖನ. ಮಾರ್ಜಿನ್ನಿನಲ್ಲಿ ಓದಿದವರು ಪೆನ್ಸಿಲಿನಲ್ಲಿ ಏನೋ ಬರೆಯುತ್ತಿದ್ದರು. ಒಂದು ವರ್ಷ ಅದಕ್ಕೆ ಗಾಜಿನ ಬಾಗಿಲು ಬಂತು, ಬೀಗ ಬಂತು, ಕೀಲಿ ಆಫೀಸಿಗೆ ಹೋಯಿತು. ಮರುವರ್ಷ ಒಳಗಿದ್ದದ್ದು ಪರೀಕ್ಷೆ ವೇಳಾಪಟ್ಟಿ. ಯಾರೂ ನಿಷೇಧಿಸಲಿಲ್ಲ, ಬರೆಯುವವರು ಬಂದು ಕೀಲಿ ಕೇಳಲಿಲ್ಲ, ಅಷ್ಟೇ.

ಬೀಗ ಮತ್ತು ಶೌಚಾಲಯದ ಬಾಗಿಲು, ಇವೆರಡರ ಮಧ್ಯೆ ಏನೇನು ಮಾಡಬಹುದು ಅನ್ನೋದೇ ನಿಜವಾದ ಇಂಜಿನಿಯರಿಂಗ್ ಪ್ರಶ್ನೆ. ಬರ್ಕ್ಲಿಯವರು ಹಲವು ಉತ್ತರ ಬಿಟ್ಟುಹೋಗಿದ್ದಾರೆ. ಬರೆಯಬೇಕಾದರೆ ಜನರ ನಡುವೆ ನಿಂತು ಬರೆಯಬೇಕು, ಕದ್ದು ಆಗೋಲ್ಲ. ಪಕ್ಕದಲ್ಲಿ ಸಹಾಯಕ್ಕೆ ಒಬ್ಬರಿರುತ್ತಾರೆ. ಒಂದು ಸಣ್ಣ ನಾಣ್ಯದ ಬೆಲೆ ಇದೆ. ಕೆಲವು ವಾರ ಆದಮೇಲೆ ಚೀಟಿ ತಾನಾಗಿ ಬಿದ್ದುಹೋಗಲಿ ಅನ್ನುವುದನ್ನು ನೀವು ಸೇರಿಸಬಹುದು, ಬೇಸರವಾದ ಬರಹವನ್ನು ಐದು ಜನ ಒತ್ತಿದರೆ ಮಸುಕಾಗಲಿ ಅನ್ನಬಹುದು. ಇವನ್ನೆಲ್ಲ ಕೋಡ್ ಮಾಡುವುದು ಟಚ್ ಸ್ಕ್ರೀನಿಗೆ ಡ್ರೈವರ್ ಹಾಕೋದಕ್ಕಿಂತ ಕಷ್ಟ, ಆದ್ದರಿಂದಲೇ ನಾನು ಹೆಚ್ಚು ಮಾರ್ಕ್ಸ್ ಕೊಡುತ್ತೇನೆ.

ಐಡಿಯಾ ಬೇಕು ಅಂದವರಿಗೆ ನಾನು ಹೇಳುವವು ಸಾಧಾರಣವಾದವೇ. ಹಳ್ಳಿ ಬಸ್ ಸ್ಟಾಪಿನಲ್ಲಿ ಎರಡು ಬಟನ್ನಿನ ಬೋರ್ಡು: ಬಸ್ಸು ಹೋಯ್ತು, ಬಸ್ಸು ಇನ್ನೂ ಬಂದಿಲ್ಲ. ಒತ್ತಿದ ಸಮಯ ತೋರಿಸಿದರೆ ಸಾಕು, ಆಮೇಲೆ ಬಂದವರು ನಡೆಯಬೇಕೋ ಕಾಯಬೇಕೋ ತೀರ್ಮಾನಿಸುತ್ತಾರೆ. ಎಪಿಎಂಸಿ ಯಾರ್ಡಿನಲ್ಲಿ ದಿನದ ದರ ತೋರಿಸುವ ಬೋರ್ಡಿನ ಪಕ್ಕ, ತನ್ನ ಟೊಮೆಟೊ ಬಾಕ್ಸಿಗೆ ನಿಜವಾಗಿ ಕೈಗೆ ಸಿಕ್ಕಿದ್ದೆಷ್ಟು ಅಂತ ರೈತ ಒತ್ತಿಹೋಗುವ ಇನ್ನೊಂದು ಬೋರ್ಡು. ಇದಕ್ಕೆ ಅನುಮತಿ ಸಿಗೋದು ಕಷ್ಟ ಅಂತ ನನಗೂ ಗೊತ್ತು. ಯಾಕೆ ಕಷ್ಟ ಅನ್ನೋದನ್ನು ರಿಪೋರ್ಟಿನಲ್ಲಿ ಒಂದು ಅಧ್ಯಾಯ ಮಾಡಿ ಅಂತ ಹೇಳುತ್ತೇನೆ. ಗ್ರಂಥಾಲಯದಲ್ಲಿ ‘ಈ ಪುಸ್ತಕದಲ್ಲಿ ಈ ಲೆಕ್ಕ ಅರ್ಥವಾಗಲಿಲ್ಲ’ ಮತ್ತು ‘ನನಗೆ ಗೊತ್ತು, ನಾಲ್ಕು ಗಂಟೆಗೆ ಕ್ಯಾಂಟೀನಿಗೆ ಬಾ’ ಅನ್ನುವ ಎರಡೇ ಬಗೆಯ ಚೀಟಿ ಇರುವ ಗೋಡೆ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಈ ಸಲ ಒಂದು ತಂಡ, ಇಬ್ಬರು ಹುಡುಗಿಯರು ಇಬ್ಬರು ಹುಡುಗರು, ಬಸ್ ಸ್ಟ್ಯಾಂಡಿನ ಕಂಬಗಳಿಗೆ ಜನ ಈಗಾಗಲೇ ಏನು ಅಂಟಿಸಿದ್ದಾರೆ ಅಂತ ಒಂದು ಸಂಜೆ ಬರೆದುಕೊಂಡು ಬಂದಿದ್ದಾರೆ. ಪಿಜಿ, ಬೋರ್‌ವೆಲ್ ರಿಪೇರಿ, ಮೂಲವ್ಯಾಧಿ, ಹತ್ತನೇ ಕ್ಲಾಸಿನ ಗಣಿತ ಟ್ಯೂಷನ್, ಕಳೆದುಹೋದ ಮಾರ್ಕ್ಸ್ ಕಾರ್ಡು, ಒಬ್ಬ ಅಜ್ಜನ ಶ್ರದ್ಧಾಂಜಲಿ. ಇಂಗ್ಲಿಷಿನಲ್ಲಿದ್ದದ್ದು ಪಿಜಿಯ ಚೀಟಿ ಒಂದೇ. ಹಾಗಾಗಿ ಬೋರ್ಡು ಕನ್ನಡದಲ್ಲೇ ಇರಬೇಕು ಅಂತ ಅವರೇ ತೀರ್ಮಾನಿಸಿದರು, ಅಲ್ಲಿಂದ ತಾಪತ್ರಯ ಶುರುವಾಯಿತು. ಕನ್ನಡದ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಸಿಗೋಲ್ಲ, 70 ಮಾತ್ರ. ಮಾಡ್ಯೂಲಿಗೆ ‘ಕ’ ಅಂದರೆ ಗೊತ್ತಿಲ್ಲ, ಸೊನ್ನೆ-ಸಿ-ಒಂಬತ್ತು-ಐದು ಅಂತ ಒಪ್ಪಿಸುತ್ತದೆ. ಆರ್ಡುಯಿನೋಗೆ ಒತ್ತಕ್ಷರ ಕೂಡಿಸುವ ಶಕ್ತಿ ಇಲ್ಲ, ಅದಕ್ಕೆ ರಾಸ್ಪ್‌ಬೆರಿ ಪೈ ತರಬೇಕು, ಅಕ್ಷರಗಳನ್ನು ಚಿತ್ರವಾಗಿ ಮಾಡಿ ಕಳಿಸಬೇಕು. 16 ಚುಕ್ಕಿ ಎತ್ತರದಲ್ಲಿ ‘ಬಸ್ಸು’ ಹೇಗೋ ಓದಬಹುದು, ‘ರಾಷ್ಟ್ರ’ ಬರೆದರೆ ಟ-ಒತ್ತು ರ-ಒತ್ತು ಎರಡೂ ಕೆಳಗೆ ಕಲಸಿಹೋಗುತ್ತವೆ. ಒಂದರ ಕೆಳಗೊಂದು ಎರಡು ಪ್ಯಾನೆಲ್ ಇಟ್ಟರೆ 32 ಚುಕ್ಕಿ ಆಗುತ್ತೆ, ಆದರೆ ಖರ್ಚು ಎರಡರಷ್ಟು.

“ಯಾರ ನಂಬರ್ ರಿಜಿಸ್ಟರ್ ಮಾಡೋಣ ಮೇಡಂ?” ಅಂತ ಅವರು ಈ ಸಲ ಕೇಳಲಿಲ್ಲ. ಪ್ಯಾನೆಲ್ಲು ಎಂಟು ತರೋಣವೋ, ನಾಲ್ಕು ತಂದು ಒತ್ತಕ್ಷರ ಕಡಿಮೆ ಇರುವ ಪದಗಳನ್ನೇ ಬಳಸಿ ಅಂತ ಜನರಿಗೆ ಹೇಳೋಣವೋ ಅನ್ನುವುದು ಸದ್ಯದ ಜಗಳ. ಜನರಿಗೆ ಹಾಗೆ ಹೇಳೋಕೆ ನೀವ್ಯಾರು ಅಂತ ಒಬ್ಬಳು ಕೂಗಾಡುತ್ತಿದ್ದಾಳೆ. ಎಂಟು ಪ್ಯಾನೆಲ್ಲಿನ ದುಡ್ಡಿಗೆ ಡಿಪಾರ್ಟ್‌ಮೆಂಟಿಗೆ ನಾನೇ ಅರ್ಜಿ ಬರೆಯುತ್ತಿದ್ದೇನೆ.